ಕೈಟ್‌ಬೋರ್ಡಿಂಗ್ ಕಲಿಯೋಕೆ 9 ಮತ್ತು 12 ಮೀಟರ್ ಕೈಟ್, 140ರ ಬೋರ್ಡ್: ಬಳಸಿ ನೋಡಿ ಬರೆದ ರಿವ್ಯೂ

ಕೈಟ್‌ಬೋರ್ಡಿಂಗ್ ಅಂದ್ರೆ ದೊಡ್ಡ ಗಾಳಿಪಟ (ಕೈಟ್) ಎಳೆಯೋ ಬಲದಲ್ಲಿ, ಕಾಲಿಗೆ ಬೋರ್ಡ್ ಹಾಕ್ಕೊಂಡು ನೀರಿನ ಮೇಲೆ ಜಾರೋ ಆಟ. ಮೊದಲೇ ಹೇಳಿಬಿಡ್ತೀನಿ, ಈ ಸೆಟ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ಬೋರ್ಡು. ಹೊಸದಾಗಿ ಕಲಿಯೋರು ಯಾರನ್ನ ನೋಡಿದ್ರೂ ಕೈಟ್ ಯಾವ ಕಂಪನಿದು, ಯಾವ ವರ್ಷದ್ದು, ಎಷ್ಟು ಮೀಟರ್ ಅಂತ ತಲೆ ಕೆಡಿಸ್ಕೊಂಡು ಕೂತಿರ್ತಾರೆ, ಬೋರ್ಡ್ ವಿಷಯ ಬಂದ ತಕ್ಷಣ "ಅದು ಯಾವುದೋ ಒಂದು ಇದ್ರೆ ಆಯ್ತು ಬಿಡಿ" ಅಂತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಬೋರ್ಡ್ ದೊಡ್ಡದು ತಗೊಳ್ಳಿ, ಕೈಟ್ ಒಂದು ಸೈಜ್ ಚಿಕ್ಕದಿದ್ರೂ ನಡೆಯುತ್ತೆ. ಯಾಕೆ ಅಂತ ಮುಂದೆ ಬರೀತೀನಿ, ಉದ್ದ ಆಗುತ್ತೆ, ಟೀ ಹಿಡ್ಕೊಂಡು ಕೂತ್ಕೊಳ್ಳಿ.

ಸೆಟ್ ಏನೇನು ಅಂದ್ರೆ, ಗಾಳಿ ತುಂಬೋ ಥರದ, ಮೂರು ಸ್ಟ್ರಟ್ (ಮುಂದಿನ ಅಂಚಿಂದ ಹಿಂದಕ್ಕೆ ಹೋಗೋ ಗಾಳಿ ಟ್ಯೂಬ್) ಇರೋ ಕೈಟ್ ಎರಡು, 9 ಮತ್ತು 12 ಚದರ ಮೀಟರ್. ಎರಡಕ್ಕೂ ಒಂದೇ ಬಾರ್ (ಕೈಲಿ ಹಿಡಿದು ಕೈಟ್ ತಿರುಗಿಸೋ ಕೋಲು, ತಳ್ಳಿದ್ರೆ ಎಳೆತ ಕಮ್ಮಿ, ಎಳೆದ್ರೆ ಜಾಸ್ತಿ), ಅದರಿಂದ ಕೈಟ್‌ಗೆ 22 ಮೀಟರ್ ಲೈನ್. ಬೋರ್ಡ್ 140 ಸೆಂ.ಮೀ ಉದ್ದ 42 ಅಗಲದ ಟ್ವಿನ್‌ಟಿಪ್, ಅಂದ್ರೆ ಎರಡು ತುದಿಯೂ ಒಂದೇ ಥರ ಇರೋದು. ಹಾರ್ನೆಸ್ (ಕೈಟ್ ಎಳೆತವನ್ನ ಮೈಗೆ ತಗೊಳ್ಳೋ ಪಟ್ಟಿ) ಮೊದಲು ಸೀಟ್, ಆಮೇಲೆ ಸೊಂಟಕ್ಕೆ ಕಟ್ಟೋ ವೇಸ್ಟ್. ನನ್ನ ತೂಕ 72 ಕೆಜಿ, ಇದನ್ನ ನೆನಪಿಟ್ಕೊಂಡು ಓದಿ, ಯಾಕಂದ್ರೆ ಬರೆದೋರ ತೂಕ ಗೊತ್ತಿಲ್ಲದ ಕೈಟ್ ರಿವ್ಯೂ ಓದಿ ಏನೂ ಪ್ರಯೋಜನ ಇಲ್ಲ. 95 ಕೆಜಿ ಇರೋರು "12 ಮೀಟರ್ ಸೂಪರ್, ಎಲ್ಲಾ ಗಾಳಿಗೂ ಆಗುತ್ತೆ" ಅಂತ ಬರೆದಿರ್ತಾರೆ, ಅದನ್ನ ಓದಿ 55 ಕೆಜಿಯ ಹುಡುಗಿ ತಗೊಂಡ್ರೆ ಮೊದಲ ಗಸ್ಟ್‌ಗೇ (ದಿಢೀರ್ ಜೋರಾಗೋ ಗಾಳಿಗೆ) ಕಥೆ ಮುಗೀತು. ಕಂಪನಿ ಹೆಸರು ಬೇಕಂತಲೇ ಬಿಟ್ಟಿದ್ದೀನಿ. ಓಝೋನ್ ಕ್ಯಾಟಲಿಸ್ಟ್, ಡ್ಯುಯೊಟೋನ್ ಇವೊ ಥರ ಮೂರು ಸ್ಟ್ರಟ್‌ನ ಆಲ್‌ರೌಂಡ್ ಕೈಟ್‌ಗಳು ಎಲ್ಲಾ ದೊಡ್ಡ ಕಂಪನಿಗಳಲ್ಲೂ ಇವೆ, ಕಲಿಯೋ ಹಂತದಲ್ಲಿ ಇವುಗಳ ನಡುವಿನ ವ್ಯತ್ಯಾಸ ನಮ್ಮ ಕೈಗೆ ಗೊತ್ತೇ ಆಗಲ್ಲ. 9ಕ್ಕೂ 12ಕ್ಕೂ ಇರೋ ವ್ಯತ್ಯಾಸ ಮಾತ್ರ ಮೊದಲ ನಿಮಿಷದಲ್ಲೇ ಗೊತ್ತಾಗುತ್ತೆ.

ಗಾಳಿ ಲೆಕ್ಕ ಮೊದಲು. ಗಾಳಿಯ ವೇಗ ಎರಡು ಪಟ್ಟಾದ್ರೆ ಕೈಟ್ ಎಳೆಯೋ ಬಲ ನಾಲ್ಕು ಪಟ್ಟಾಗುತ್ತೆ, ಯಾಕಂದ್ರೆ ಬಲ ಹೋಗೋದು ವೇಗದ ವರ್ಗದ ಮೇಲೆ. ಇದು ಎಲ್ಲರೂ ಥಿಯರಿ ಕ್ಲಾಸಲ್ಲಿ ಕೇಳಿಸ್ಕೊಂಡು ತಲೆ ಆಡಿಸಿ ಮರೆತುಬಿಡೋ ಮಾತು, ಆದ್ರೆ ಇದನ್ನ ಸ್ವಲ್ಪ ಬೇರೆ ಥರ ನೋಡಿ: 12 ನಾಟ್ ಇದ್ದಿದ್ದು 17 ನಾಟ್ ಆದ್ರೆ ಸಾಕು, ಎಳೆತ ಡಬಲ್. 12ರಿಂದ 17 ಅನ್ನೋದು ಒಂದು ಮೋಡ ಹಾದು ಹೋಗೋವಷ್ಟರಲ್ಲಿ ಆಗಿಬಿಡೋ ವಿಷಯ. 12 ನಾಟ್‌ನಲ್ಲಿ "ಯಾಕೋ ಪವರ್ ಸಾಲ್ತಿಲ್ಲ" ಅಂತ ಗೊಣಗ್ತಾ ಇದ್ದೋರು ಐದು ನಿಮಿಷ ಬಿಟ್ಟು ಅದೇ ಕೈಟ್ ಹಿಡ್ಕೊಂಡು ಒದ್ದಾಡ್ತಿರ್ತಾರೆ. ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಕೊಟ್ಟಿದ್ರೆ ಅದನ್ನ ಎರಡರಿಂದ ಗುಣಿಸಿ, ಹೆಚ್ಚುಕಮ್ಮಿ ನಾಟ್ ಬರುತ್ತೆ.

ಸೈಜ್ ಹುಡುಕೋಕೆ ಎಲ್ಲರೂ ಹೇಳೋ ಒಂದು ಅಂದಾಜು ಸೂತ್ರ ಇದೆ, ತೂಕವನ್ನ 2.2ರಿಂದ ಗುಣಿಸಿ ಗಾಳಿಯ ನಾಟ್‌ನಿಂದ ಭಾಗಿಸೋದು. ನನಗೆ 72 ಗುಣಿಸು 2.2 ಅಂದ್ರೆ 158. 13 ನಾಟ್‌ಗೆ 12 ಮೀಟರ್, 15ಕ್ಕೆ ಹತ್ತೂವರೆ, 18ಕ್ಕೆ ಸುಮಾರು 9, 24 ನಾಟ್‌ಗೆ ಆರೂವರೆ. ಸೂತ್ರ ಕೆಟ್ಟದ್ದೇನಲ್ಲ, ಶುರು ಮಾಡೋಕೆ ಒಂದು ಜಾಗ ಬೇಕಲ್ಲ. ಆದ್ರೆ ಅದಕ್ಕೆ ಬೋರ್ಡ್ ಎಷ್ಟು ದೊಡ್ಡದು ಅಂತ ಗೊತ್ತಿಲ್ಲ, ಗಾಳಿ ಒಂದೇ ಸಮ ಬರ್ತಿದ್ಯಾ ಇಲ್ಲ ಕುಣೀತಿದ್ಯಾ ಗೊತ್ತಿಲ್ಲ, ಹಿಡಿದೋರಿಗೆ ಬಾರ್ ತಳ್ಳೋಕೆ ಬರುತ್ತಾ ಇಲ್ವಾ ಅದೂ ಗೊತ್ತಿಲ್ಲ. ಹಾಗಾಗಿ ಕಲಿಯೋರು ಸೂತ್ರದ ಉತ್ತರಕ್ಕಿಂತ ಸ್ವಲ್ಪ ಚಿಕ್ಕದನ್ನೇ ಕಟ್ಟಬೇಕು, ಒಳ್ಳೇ ಇನ್‌ಸ್ಟ್ರಕ್ಟರ್‌ಗಳು ಮಾಡೋದೂ ಅದನ್ನೇ. ಜೊತೆಗೆ ಇನ್ನೊಂದು, ತಣ್ಣಗಿನ ಗಾಳಿ ಭಾರ. 30 ಡಿಗ್ರಿಯ ಗಾಳಿಗೂ ಸೊನ್ನೆ ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಸುಮಾರು 10% ವ್ಯತ್ಯಾಸ ಇರುತ್ತೆ, ಮೀಟರ್‌ನಲ್ಲಿ ಅದೇ 18 ನಾಟ್ ತೋರಿಸ್ತಿದ್ರೂ ಚಳಿಗಾಲದಲ್ಲಿ ಕೈಗೆ ಜಾಸ್ತಿ ಅನ್ಸೋದು ಭ್ರಮೆ ಏನಲ್ಲ.

ಈಗ 9 ಮೀಟರ್ ಕೈಟ್. ಇದಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಡ್ತೀನಿ. ನನ್ನ ತೂಕಕ್ಕೆ 16-17 ನಾಟ್‌ನಿಂದ ಜೀವ ಬರುತ್ತೆ, 24-25ರವರೆಗೂ ಬಾರ್ ತಳ್ಕೊಂಡು, ಟ್ರಿಮ್ (ಪವರ್ ಕಮ್ಮಿ ಮಾಡೋ ಹಗ್ಗ) ಎಳ್ಕೊಂಡು ನಿಭಾಯಿಸಬಹುದು, ಅದರ ಮೇಲೆ ನನ್ನಂಥೋರು ದಡದಲ್ಲಿ ಕೂತು ನೋಡೋದೇ ವಾಸಿ. ತಿರುಗೋ ವೇಗ ಹದವಾಗಿದೆ, ಬಾರ್ ಎಳೆದ್ರೆ ತಕ್ಷಣ ಬರುತ್ತೆ, ಆದ್ರೆ ಬೆರಳು ಅಲ್ಲಾಡಿಸಿದ್ದಕ್ಕೆಲ್ಲ ಹೌಹಾರಿ ಓಡಲ್ಲ. ವಾಟರ್ ಸ್ಟಾರ್ಟ್ ಕಲಿಯುವಾಗ ಇದು ಎಷ್ಟು ಮುಖ್ಯ ಅಂದ್ರೆ, ಬೋರ್ಡ್‌ಗೆ ಕಾಲು ಹಾಕ್ಕೊಂಡು ನೀರಲ್ಲಿ ತೇಲ್ತಾ, ಕೈಟನ್ನ ತಲೆ ಮೇಲಿಂದ ಒಂದು ಪಕ್ಕಕ್ಕೆ ಇಳಿಸಿ ವಾಪಸ್ ಮೇಲಕ್ಕೆ ತರಬೇಕು. ಆ ಇಳಿಸೋ ಹೊತ್ತಲ್ಲಿ ಕೈಟ್ ನಿಧಾನ ಇದ್ರೆ ಎಳೆತ ಮುಗಿಯೋದೇ ಇಲ್ಲ, ಎದ್ದು ನಿಂತ ಮೇಲೂ ಎಳ್ಕೊಂಡೇ ಹೋಗಿ ಮೂತಿ ಮೇಲೆ ಬೀಳಿಸುತ್ತೆ. ಚಿಕ್ಕ ಕೈಟ್ ಬೇಗ ಇಳಿದು ಬೇಗ ಏರುತ್ತೆ, ಒಂದು ಚಿಕ್ಕ ಜಗ್ಗು ಕೊಟ್ಟು ಬಿಡುತ್ತೆ, ಸಾಲದಿದ್ರೆ ಇನ್ನೊಂದು ಸಲ ಇಳಿಸಬಹುದು. ನೀರಿಗೆ ಬಿದ್ದ ಮೇಲೆ ಎಬ್ಬಿಸೋದೂ ಸುಲಭ, ಒಂದು ಪಕ್ಕದ ಹಿಂದಿನ ಲೈನ್ ಹಿಡಿದು ಜಗ್ಗದೆ ಸುಮ್ನೆ ಒತ್ತಡ ಕೊಟ್ಕೊಂಡು ಕಾದ್ರೆ ಕೈಟ್ ತಾನಾಗೇ ಉರುಳ್ಕೊಂಡು ವಿಂಡ್ ವಿಂಡೋದ (ಕೈಟ್ ಹಾರಬಹುದಾದ ಜಾಗದ) ಅಂಚಿಗೆ ಹೋಗಿ ನಿಧಾನಕ್ಕೆ ಮೇಲೇಳುತ್ತೆ.

ಇಷ್ಟು ಸುಲಭ ಇರೋದು ಸುಮ್ನೆ ಬಂದಿದ್ದಲ್ಲ ಅಂತ ಸ್ವಲ್ಪ ಇತಿಹಾಸ ಓದಿದ ಮೇಲೆ ಗೊತ್ತಾಯ್ತು. ಗಾಳಿ ತುಂಬಿದ ಟ್ಯೂಬ್ ಇರೋ, ನೀರಿಗೆ ಬಿದ್ರೂ ಮುಳುಗದೆ ಮತ್ತೆ ಏಳೋ ಕೈಟ್‌ಗೆ ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಅನ್ನೋ ಅಣ್ಣತಮ್ಮ 1984ರಲ್ಲೇ ಪೇಟೆಂಟ್ ಹಾಕಿದ್ರು, ಆದ್ರೆ ಆಟವಾಗಿ ಇದು ಹಬ್ಬಿದ್ದು 90ರ ದಶಕದ ಕೊನೇಲಿ. ಆಗಿನ ಸಿ ಆಕಾರದ ಕೈಟ್‌ಗಳಲ್ಲಿ ಬಾರ್ ತಳ್ಳಿದ್ರೆ ಪವರ್ ಸ್ವಲ್ಪ ಕಮ್ಮಿ ಆಗೋದು ಅಷ್ಟೇ, ಪೂರ್ತಿ ಹೋಗ್ತಿರ್ಲಿಲ್ಲ, ಗಸ್ಟ್ ಬಂದ್ರೆ ಓಡೋ ಹೋರಿಯ ಹಗ್ಗ ಸೊಂಟಕ್ಕೆ ಕಟ್ಕೊಂಡಂಗೆ. 2005-06ರ ಹೊತ್ತಿಗೆ ಅದೇ ಬ್ರೂನೋ ಕೆಲಸದಿಂದ ಬೋ ಕೈಟ್ ಬಂತು, ಲೀಡಿಂಗ್ ಎಡ್ಜ್‌ಗೆ (ಮುಂದಿನ ಅಂಚಿಗೆ) ಬ್ರೈಡಲ್ ಅನ್ನೋ ಕವಲು ಹಗ್ಗ ಕಟ್ಟಿ, ಆಕಾರ ಚಪ್ಪಟೆ ಮಾಡಿ, ಬಾರ್ ತಳ್ಳಿದ್ರೆ ಎಳೆತ ಹೆಚ್ಚುಕಮ್ಮಿ ಪೂರ್ತಿ ಇಳಿಯೋ ಹಾಗೆ. ಇವತ್ತು ನಾವು ಕಲಿಯೋ ಕೈಟ್‌ಗಳೆಲ್ಲ ಹೆಚ್ಚಾಗಿ ಅದರ ಮೊಮ್ಮಕ್ಕಳೇ. ಹಾಗಾಗಿ ಯಾರಾದ್ರೂ "ನನ್ನ ಹತ್ರ ಹಳೇ ಸಿ ಕೈಟ್ ಇದೆ, ಕಲಿಯೋಕೆ ತಗೋ" ಅಂತ ಪ್ರೀತಿಯಿಂದ ಕೊಟ್ರೂ ಕೈ ಮುಗಿದು ಬೇಡ ಅನ್ನಿ.

12 ಮೀಟರ್‌ಗೆ ಬಂದ್ರೆ, ಮೂರು. ಕೆಟ್ಟ ಕೈಟ್ ಅಂತಲ್ಲ, ನನ್ನ ಕೈಲಿ ಅದು ಒಳ್ಳೇ ಗಾಳಿಗೆ ಮಾತ್ರ ಒಳ್ಳೇ ಕೈಟ್. 13-14ರಿಂದ 18 ನಾಟ್ ಒಂದೇ ಸಮ ಬರ್ತಿದ್ರೆ ಸ್ವರ್ಗ, ನಿಧಾನಕ್ಕೆ ತಿರುಗುತ್ತೆ, ನಾವು ಏನ್ ಮಾಡ್ತಿದ್ದೀವಿ ಅಂತ ಯೋಚಿಸೋಕೆ ಟೈಮ್ ಸಿಗುತ್ತೆ. ಆದ್ರೆ ಗಾಳಿ 10ಕ್ಕೆ ಇಳಿದು 18ಕ್ಕೆ ಏರಿ ಮತ್ತೆ 11ಕ್ಕೆ ಬರೋ ದಿನ ಇದೆಯಲ್ಲ, ಅವತ್ತು ಎರಡೂ ಕಡೆ ಹೊಡೆತ. ಗಾಳಿ ಸತ್ತಾಗ ಭಾರ ಜಾಸ್ತಿ ಇರೋ ಕೈಟ್ ಆಕಾಶದಿಂದ ತೂರಾಡ್ಕೊಂಡು ಬೀಳುತ್ತೆ, ನೀರಿಂದ ಎಬ್ಬಿಸೋಕೆ ಬೇಕಾದಷ್ಟು ಗಾಳಿ ಇರಲ್ಲ, ಎದ್ದ ಕ್ಷಣಕ್ಕೆ ಸರಿಯಾಗಿ ಗಸ್ಟ್ ಬರುತ್ತೆ. ಕಮ್ಮಿ ಗಾಳೀಲಿ ಎಲ್ಲರಿಗೂ ಬರೋ ಇನ್ನೊಂದು ಆಸೆ, ಪವರ್ ಬೇಕು ಅಂತ ಬಾರನ್ನ ಹೊಟ್ಟೆ ತನಕ ಎಳ್ಕೊಳ್ಳೋದು. ಹಾಗೆ ಮಾಡಿದ್ರೆ ಕೈಟ್ ಉಸಿರುಗಟ್ಟಿ ಹಿಂದಕ್ಕೆ ಜಾರುತ್ತೆ, ಇದೇ ಬ್ಯಾಕ್‌ಸ್ಟಾಲ್. ಆಗ ಬಾರ್ ಸ್ವಲ್ಪ ಹೊರಗೆ ಬಿಡಬೇಕು, ಗಾಳಿ ರೆಕ್ಕೆ ಮೇಲೆ ಮತ್ತೆ ಹರಿದ್ರೆ ಕೈಟ್ ಮುಂದಕ್ಕೆ ಹಾರಿ ಪವರ್ ತಾನಾಗೇ ಬರುತ್ತೆ. ಮನಸ್ಸು ಎಳಿ ಎಳಿ ಅಂತಿರುವಾಗ ಕೈ ಬಿಡಬೇಕು, ಅದೇ ಕಷ್ಟ.

ಸ್ಟ್ರಟ್ ಬಗ್ಗೆ ತುಂಬಾ ಜನ ಕೇಳ್ತಾರೆ. ಕೋರ್ ಎಕ್ಸ್‌ಆರ್ ಥರದ ಐದು ಸ್ಟ್ರಟ್ ಕೈಟ್ ಜೋರು ಗಾಳೀಲಿ ಆಕಾರ ಬಿಡದೆ ಗಟ್ಟಿಯಾಗಿರುತ್ತೆ, ದೊಡ್ಡ ಜಂಪ್ ಹೊಡೆಯೋರಿಗೆ ಚೆನ್ನ, ಆದ್ರೆ ಭಾರ. ಒಂದು ಸ್ಟ್ರಟ್‌ದು ಹಗುರ, ಕಮ್ಮಿ ಗಾಳೀಲಿ ತೇಲ್ಕೊಂಡಿರುತ್ತೆ, ಜೋರಾದ್ರೆ ಬಟ್ಟೆ ಪಟಪಟ ಬಡ್ಕೊಳ್ಳೋಕೆ ಶುರು. ಮೂರು ನಡುವಿನ ದಾರಿ, ಕಲಿಯೋರಿಗೆ ಸಾಕು. ಆಸ್ಪೆಕ್ಟ್ ರೇಶಿಯೋ ಜಾಸ್ತಿ ಇರೋ ಉದ್ದ ಸಪೂರ ಕೈಟ್ ಸದ್ಯಕ್ಕೆ ಬೇಡ.

ಬೋರ್ಡ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರ್ತೀನಿ. ಕಲಿಯೋ ಎಲ್ಲರ ದೊಡ್ಡ ಸಮಸ್ಯೆ ಅಪ್‌ವಿಂಡ್ ಹೋಗೋಕೆ ಬರದೇ ಇರೋದು, ಅಂದ್ರೆ ಹೊರಟ ಜಾಗಕ್ಕೆ ವಾಪಸ್ ಬರೋಕೆ ಆಗದೆ ಗಾಳಿ ಹೋಗೋ ದಿಕ್ಕಿಗೆ ತೇಲ್ಕೊಂಡು ಹೋಗಿ, ಕೈಟ್ ತಲೆ ಮೇಲೆ ಹಿಡ್ಕೊಂಡು, ಬೋರ್ಡ್ ಕಂಕುಳಲ್ಲಿ ಇಟ್ಕೊಂಡು ದಡದಗುಂಟ ನಡ್ಕೊಂಡು ಬರೋದು. ಆ ನಡಿಗೆ ಸಾಕಾಗಿ ಎಲ್ಲರೂ ಮಾಡೋ ತೀರ್ಮಾನ "ಪವರ್ ಸಾಲ್ತಿಲ್ಲ, ದೊಡ್ಡ ಕೈಟ್ ಬೇಕು". ಆದ್ರೆ ದೊಡ್ಡ ಕೈಟ್ ಎಳೆಯೋದೂ ಜಾಸ್ತಿ ಗಾಳಿ ಹೋಗೋ ದಿಕ್ಕಿಗೇ, ಅದನ್ನ ತಡೆದು ಬೋರ್ಡಿನ ಅಂಚನ್ನ ನೀರಿಗೆ ಒತ್ತಿ ನಿಲ್ಲೋ ಕಾಲು ನಮಗೆ ಇನ್ನೂ ಬಂದಿರಲ್ಲ. ಬೇಕಾಗಿರೋದು ಕಮ್ಮಿ ಎಳೆತದಲ್ಲೇ, ಕಮ್ಮಿ ಸ್ಪೀಡಲ್ಲೇ ನೀರಿನ ಮೇಲೆ ಏರಿ ಜಾರೋ ಬೋರ್ಡು. ಅಗಲ ಜಾಸ್ತಿ ಇದ್ದಷ್ಟೂ ಬೇಗ ಏರುತ್ತೆ, ಉದ್ದ ಇದ್ದಷ್ಟೂ ನೀರಿನ ಮೇಲೆ ಹಿಡಿತ ಸಿಗುತ್ತೆ, ರಾಕರ್ ಅಂದ್ರೆ ಮೂತಿ ಕಡೆಯ ಬಾಗು ಕಮ್ಮಿ ಇದ್ದಷ್ಟೂ ನೀರನ್ನ ತಳ್ಳೋ ಬದಲು ಮೇಲೆ ಜಾರುತ್ತೆ. ನಾನು ಅದೇ 9 ಮೀಟರ್ ಕೈಟ್, ಅದೇ ಗಾಳೀಲಿ ಗೆಳೆಯನ 134ರ ಬೋರ್ಡನ್ನೂ ನನ್ನ 140ನ್ನೂ ಬದಲಾಯಿಸಿ ನೋಡಿದ್ದೀನಿ. 134ರಲ್ಲಿ ಕೈಟನ್ನ ಮೇಲೆ ಕೆಳಗೆ ಆಡಿಸ್ತಾನೇ ಇರಬೇಕು, ನಿಲ್ಲಿಸಿದ್ರೆ ಮುಳುಗ್ತೀನಿ, 140ರಲ್ಲಿ ಕೈಟನ್ನ ಒಂದು ಕಡೆ ನಿಲ್ಲಿಸಿ ಹಿಮ್ಮಡಿ ಒತ್ತಿದ್ರೆ ಸುಮ್ನೆ ಅಪ್‌ವಿಂಡ್ ಹೋಗುತ್ತೆ. ಈ ಅನುಭವ ಆದ ಮೇಲೆ 12 ಮೀಟರ್ ಹೊರಗೆ ತೆಗೆಯೋದೇ ಕಮ್ಮಿ ಆಯ್ತು, 15-16 ನಾಟ್‌ನಲ್ಲೂ 9 ಕಟ್ಕೊಂಡು ಹೋಗ್ತೀನಿ, ಗಸ್ಟ್ ಬಂದ್ರೆ ಭಯ ಇಲ್ಲ.

ದೊಡ್ಡ ಬೋರ್ಡ್‌ಗೆ ತೊಂದರೆಯೂ ಇದೆ. 22 ನಾಟ್ ಮೇಲೆ ಅಲೆ ಎದ್ದಾಗ ಪಾದಕ್ಕೆ ತಟತಟ ಬಡಿಯುತ್ತೆ, ಅಂಚು ನೀರಿಗೆ ಇಳಿಸೋಕೆ ಮೊಣಕಾಲು ಸೋಲುತ್ತೆ, ತುಂಬಾ ಚಪ್ಪಟೆ ಇದ್ರೆ ನೀರು ಮುಖಕ್ಕೆ ಎರಚುತ್ತೆ. ಬೋರ್ಡ್ ದೊಡ್ಡದು ಅಂದ ಮಾತ್ರಕ್ಕೆ 160ಕ್ಕೆ ಹೋಗೋದೂ ಬೇಡ, ಅದು ಕಮ್ಮಿ ಗಾಳಿಗೆ ಅಂತಲೇ ಮಾಡೋದು, ಒಮ್ಮೆ ಓಡಿಸೋಕೆ ಮಜಾ, ಕಲಿಯೋಕೆ ಒಂದೇ ಬೋರ್ಡ್ ಅಂದ್ರೆ 70ರ ಆಸುಪಾಸಿನ ತೂಕಕ್ಕೆ 138ರಿಂದ 142 ಉದ್ದ, 41-43 ಅಗಲ ಸಾಕು. ತೂಕ ಜಾಸ್ತಿ ಇದ್ರೆ ಇನ್ನೂ ಸ್ವಲ್ಪ ಉದ್ದ. ಕಾಲಿನ ಪಟ್ಟಿ ಅಡ್ಜಸ್ಟ್ ಆಗೋದಾ ನೋಡಿ, ಬಿಗಿಯಾಗಿ ಸಿಕ್ಕಿ ಹಾಕ್ಕೊಂಡ್ರೆ ಬಿದ್ದಾಗ ಪಾದ ಬಿಡಿಸ್ಕೊಳ್ಳೋಕೆ ಆಗಲ್ಲ. ಬೋರ್ಡ್‌ಗೂ ಮೈಗೂ ಲೀಶ್ (ಜೋಡಿಸೋ ಹಗ್ಗ) ಕಟ್ಟೋದು ಬೇಡ್ವೇ ಬೇಡ, ಬಿದ್ದಾಗ ಎಳೆತಕ್ಕೆ ಅದು ವಾಪಸ್ ಚಿಮ್ಮಿ ತಲೆಗೇ ಬರುತ್ತೆ. ಬೋರ್ಡ್ ಕಳ್ಕೊಂಡ್ರೆ ಬಾಡಿ ಡ್ರ್ಯಾಗ್ ಮಾಡ್ಕೊಂಡು, ಅಂದ್ರೆ ಕೈಟ್‌ನಿಂದ ಮೈಯನ್ನೇ ನೀರಲ್ಲಿ ಎಳೆಸ್ಕೊಂಡು, ಒಂದು ಕೈ ನೀರಲ್ಲಿ ಚಾಚಿ ಅಪ್‌ವಿಂಡ್ ಹೋಗಿ ತರಬೇಕು, ಅದಕ್ಕೇ ಮೊದಲು ಬೋರ್ಡ್ ಇಲ್ಲದೆ ಬಾಡಿ ಡ್ರ್ಯಾಗ್ ಕಲಿಸೋದು.

ಬಾರ್ ವಿಷಯದಲ್ಲಿ ಜಿಪುಣತನ ಬೇಡ. ಕೈಟ್ ಹಳೇದು ಬೇಕಾದ್ರೆ ತಗೊಳ್ಳಿ, ಬಾರ್ ಮಾತ್ರ ಈಚಿನದಿರಲಿ, ಯಾಕಂದ್ರೆ ಅಪಾಯದಲ್ಲಿ ಕೈಟ್ ಬಿಟ್ಟುಬಿಡೋ ಕ್ವಿಕ್ ರಿಲೀಸ್ ಇರೋದು ಅಲ್ಲೇ. 2020ರಲ್ಲಿ ಬಂದ ಐಎಸ್‌ಒ 21853 ಅನ್ನೋ ಸ್ಟ್ಯಾಂಡರ್ಡ್ ಕೈಟ್‌ಬೋರ್ಡಿಂಗ್‌ನ ರಿಲೀಸ್ ಸಿಸ್ಟಮ್‌ಗೆ ಅಂತಲೇ ಇದೆ, ಬಾರ್‌ಗೆ ಅದು ಇದ್ಯಾ ಅಂತ ಕೇಳಿ. ತೊಂದರೆ ಆದ್ರೆ ಮೂರು ಹಂತ: ಮೊದಲು ಬಾರ್ ಕೈ ಬಿಡೋದು, ಅಷ್ಟಕ್ಕೇ ಎಳೆತದ ಬಹುಪಾಲು ಹೋಗುತ್ತೆ. ಸಾಲದಿದ್ರೆ ಚಿಕನ್ ಲೂಪ್‌ನ (ಬಾರನ್ನ ಹಾರ್ನೆಸ್ ಕೊಕ್ಕೆಗೆ ಸಿಕ್ಕಿಸೋ ಬಳೆಯ) ರಿಲೀಸ್ ತಳ್ಳೋದು, ಆಗ ಕೈಟ್ ಒಂದೇ ಲೈನ್‌ಗೆ ಜೋತು ಬಿದ್ದು ಬಟ್ಟೆ ಥರ ಪಟಪಟಿಸ್ತಾ ನೀರಿಗೆ ಬೀಳುತ್ತೆ. ಅದೂ ಸಾಲದಿದ್ರೆ ಕೈಟನ್ನ ನಮಗೆ ಜೋಡಿಸಿರೋ ಲೀಶ್‌ನೂ ಬಿಟ್ಟು ಕೈಟ್‌ಗೆ ಟಾಟಾ. ಇದನ್ನ ಬಾಯಲ್ಲಿ ಹೇಳೋದು ಸುಲಭ, ಎಳೀತಿರುವಾಗ ಕೈ ತಾನಾಗೇ ಬಾರನ್ನ ಗಟ್ಟಿ ಹಿಡಿಯುತ್ತೆ, ಮನುಷ್ಯನ ಕೈ ಇರೋದೇ ಹಾಗೆ. ಅದಕ್ಕೇ ಪ್ರತಿ ಸಲ ನೀರಿಗಿಳಿಯೋ ಮುಂಚೆ ದಡದಲ್ಲಿ ಒಂದು ಸಲ ರಿಲೀಸ್ ತಳ್ಳಿ ನೋಡಿ, ಮರಳು ಸಿಕ್ಕಿದ್ರೆ ಆಗಲೇ ಗೊತ್ತಾಗುತ್ತೆ. ನನ್ನ ಬಾರ್‌ನಲ್ಲಿ ಇಷ್ಟ ಆಗಿದ್ದು ಒಂದೇ ಕೈಯಲ್ಲಿ, ಗ್ಲೌಸ್ ಹಾಕ್ಕೊಂಡೂ ಮತ್ತೆ ಜೋಡಿಸೋಕೆ ಆಗೋದು. ಇಷ್ಟ ಆಗದ್ದು ಟ್ರಿಮ್ ಹಗ್ಗದ ಹಿಡಿ ತುಂಬಾ ಮೇಲಿದೆ, ಕೈ ಗಿಡ್ಡ ಇರೋರಿಗೆ ಎಟುಕಲ್ಲ, ಪವರ್ ಜಾಸ್ತಿ ಆದಾಗಲೇ ಅದು ಬೇಕಾಗೋದು, ಆಗಲೇ ಅದು ದೂರ.

ಇನ್ನೊಂದು ಸಣ್ಣ ವಿಷಯ, ಲೈನ್‌ಗಳು ದಿನ ಕಳೆದಂತೆ ಒಂದೇ ಸಮ ಹಿಗ್ಗಲ್ಲ. ಮುಂದಿನ ಎರಡು ಲೈನ್ ಭಾರ ಜಾಸ್ತಿ ಹೊರೋದ್ರಿಂದ ಅವು ಉದ್ದ ಆಗ್ತವೆ, ಹಿಂದಿನವು ಲೆಕ್ಕಕ್ಕೆ ಗಿಡ್ಡ ಆದ ಹಾಗೆ, ಕೈಟ್ ಸುಮ್ಸುಮ್ನೆ ಬ್ಯಾಕ್‌ಸ್ಟಾಲ್ ಆಗೋಕೆ ಶುರು ಮಾಡುತ್ತೆ, ನಾವು ಕೈಟ್ ಹಾಳಾಯ್ತು ಅಂತ ಬೈಕೊಳ್ತೀವಿ. ನಾಲ್ಕೂ ಲೈನ್ ಒಂದು ಕಂಬಕ್ಕೆ ಸಿಕ್ಕಿಸಿ ಬಾರ್ ಎಳೆದು ಹಿಡಿದು ನೋಡಿದ್ರೆ ಸಾಕು, ಹೆಚ್ಚುಕಮ್ಮಿ ಆಗಿದ್ದು ಕಣ್ಣಿಗೇ ಕಾಣುತ್ತೆ, ಬಹಳಷ್ಟು ಬಾರ್‌ಗಳಲ್ಲಿ ಗಂಟು ಬದಲಾಯಿಸಿ ಸರಿ ಮಾಡೋಕೆ ಜಾಗ ಕೊಟ್ಟಿರ್ತಾರೆ.

ಹಾರ್ನೆಸ್ ಬಗ್ಗೆ ಅಷ್ಟೇನಿಲ್ಲ. ಸೀಟ್ ಹಾರ್ನೆಸ್ ತೊಡೆಗೂ ಪಟ್ಟಿ ಇರೋದ್ರಿಂದ ಮೇಲಕ್ಕೆ ಜಾರಲ್ಲ, ಕೈಟ್ ಜಾಸ್ತಿ ಹೊತ್ತು ತಲೆ ಮೇಲೇ ಇರೋ ಮೊದಲ ದಿನಗಳಿಗೆ ಒಳ್ಳೇದು, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ. ವೇಸ್ಟ್ ಹಾರ್ನೆಸ್ ಓಡಾಟಕ್ಕೆ ಸಲೀಸು ಆದ್ರೆ ಅಳತೆ ತಪ್ಪಿದ್ರೆ ಪಕ್ಕೆಲುಬಿಗೆ ಹತ್ತಿ ಕೂರುತ್ತೆ. ಅಂಗಡೀಲಿ ಹಾಕಿ ನೋಡುವಾಗ ನಿಂತು ನೋಡಬೇಡಿ, ಕೊಕ್ಕೆಗೆ ಜೋತು ಬಿದ್ದು ಒಂದೆರಡು ನಿಮಿಷ ಇರಿ, ಆಮೇಲೆ ಹೇಳಿ. ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್, ಲೈನ್ ಕತ್ತರಿಸೋ ಪುಟ್ಟ ಚಾಕು, ಈ ಮೂರು ಇರಲೇಬೇಕು, ಇದರಲ್ಲಿ ರಿವ್ಯೂ ಮಾಡೋಕೆ ಏನಿಲ್ಲ.

ಗಾಳಿ ಓದೋದು ಹೇಗೆ ಅನ್ನೋದು ಸಾಮಾನಿಗಿಂತ ದೊಡ್ಡ ವಿಷಯ. ವಿಂಡ್‌ಗುರು, ವಿಂಡಿ ಥರದ ಗಾಳಿ ಮುನ್ಸೂಚನೆ ಆಪ್ ನೋಡಿ ಎಲ್ಲರೂ "ನಾಳೆ 17 ನಾಟ್" ಅಂತಾರೆ, ಆ 17 ಅನ್ನೋದು ನೆಲದಿಂದ 10 ಮೀಟರ್ ಎತ್ತರದ ಸರಾಸರಿ ಅಂದಾಜು, ಮಾಡೆಲ್‌ಗೆ ನಿಮ್ಮ ದಡದ ಪಕ್ಕದ ಗುಡ್ಡವೂ ಗೊತ್ತಿಲ್ಲ, ಸಾಲು ಮರಗಳೂ ಗೊತ್ತಿಲ್ಲ. ಅದರ ಕೆಳಗೆ ಗಸ್ಟ್ ಅಂತ ಇನ್ನೊಂದು ಸಾಲು ಇರುತ್ತಲ್ಲ, ನಾನು ಮೊದಲು ನೋಡೋದು ಅದನ್ನೇ. 17ಕ್ಕೆ ಗಸ್ಟ್ 20 ಅಂದ್ರೆ ಕಲಿಯೋಕೆ ಚೆಂದದ ದಿನ, 14ಕ್ಕೆ ಗಸ್ಟ್ 25 ಅಂದ್ರೆ ಸರಾಸರಿ ಕಮ್ಮಿ ಇದ್ರೂ ಕೆಟ್ಟ ದಿನ. ಕೈಟ್ ಸೈಜ್ ಆರಿಸೋದು ಸರಾಸರಿಗಲ್ಲ, ಗಸ್ಟ್‌ಗೆ, ಕಲಿಯೋರಿಗಂತೂ ಖಂಡಿತ. ದಡಕ್ಕೆ ಹೋದ ಮೇಲೆ ಆಪ್ ಮುಚ್ಚಿ ನೀರು ನೋಡಿ, ಅಲೆ ತಲೆ ಮೇಲೆ ಬಿಳಿ ನೊರೆ ಅಲ್ಲಲ್ಲಿ ಒಂದೊಂದು ಇದ್ರೆ 10 ನಾಟ್ ಒಳಗೆ, ಸಾಕಷ್ಟು ಕಡೆ ಇದ್ರೆ 11ರಿಂದ 16, ಎಲ್ಲಿ ನೋಡಿದ್ರೂ ಬಿಳಿ ಅಂದ್ರೆ 17 ದಾಟಿದೆ. ಆಮೇಲೆ ಅಲ್ಲಿ ಓಡಿಸ್ತಿರೋರ ಹತ್ರ ತೂಕ ಎಷ್ಟು, ಯಾವ ಕೈಟ್ ಅಂತ ಕೇಳಿ, ಇದಕ್ಕಿಂತ ಒಳ್ಳೇ ಆಪ್ ಇನ್ನೂ ಬಂದಿಲ್ಲ.

ದಿಕ್ಕು ಅದಕ್ಕಿಂತ ಮುಖ್ಯ. ದಡದಿಂದ ನೀರಿನ ಕಡೆ ಬೀಸೋ ಆಫ್‌ಶೋರ್ ಗಾಳೀಲಿ, ರಕ್ಷಣಾ ಬೋಟ್ ಇಲ್ಲದೆ, ಯಾವ ಕೈಟ್ ಇದ್ರೂ ಇಳಿಯೋದಲ್ಲ, ಏನಾದ್ರೂ ಕೆಟ್ರೆ ಗಾಳಿ ಒಳಕ್ಕೇ ಕರ್ಕೊಂಡು ಹೋಗುತ್ತೆ, ಮೇಲಾಗಿ ಮರ ಕಟ್ಟಡ ದಾಟಿ ಬಂದ ಗಾಳಿ ಸುಳಿ ಸುಳಿಯಾಗಿರುತ್ತೆ, ಅಡ್ಡ ಇರೋದರ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಆ ಸುಳಿ ಇರಬಹುದು, ಕೆಲವೊಮ್ಮೆ ಇನ್ನೂ ಜಾಸ್ತಿ. ನೇರ ದಡದ ಕಡೆ ಬರೋ ಆನ್‌ಶೋರ್ ಕೂಡ ಹೊಸಬರಿಗೆ ಅಷ್ಟು ಒಳ್ಳೇದಲ್ಲ, ಎಳೆದ್ರೆ ನೆಲಕ್ಕೇ ಎಳೆಯುತ್ತೆ. ದಡಕ್ಕೆ ಓರೆಯಾಗಿ ಬರೋ ಸೈಡ್ ಆನ್‌ಶೋರ್ ಎಲ್ಲಕ್ಕಿಂತ ಚೆನ್ನ. ದೂರದಲ್ಲಿ ಕಪ್ಪು ಮೋಡ ಕೆಳಗಿಳಿದು ಮಳೆ ಪರದೆ ಕಂಡ್ರೆ ಕೈಟ್ ಕೆಳಗಿಳಿಸೋದೇ, "ಇನ್ನೊಂದು ರೌಂಡ್" ಅನ್ನೋ ಮಾತೇ ಇಲ್ಲ, ಮಳೆಗಿಂತ ಮುಂಚೆ ಬರೋ ಗಾಳಿ ಯಾವ ಸೈಜನ್ನೂ ಕೇಳಲ್ಲ.

ಕ್ಲಾಸ್ ಬಗ್ಗೆ. ಯೂಟ್ಯೂಬ್ ನೋಡಿ ಕಲಿಯಬಹುದಾ ಅಂತ ಕೇಳೋರಿಗೆ ಒಂದೇ ಮಾತು, ಬೇಡ. ಒಳ್ಳೇ ಕ್ಲಾಸ್ ಅಂದ್ರೆ ಹೇಗಿರಬೇಕು ಅಂತ ನನಗೆ ಈಗ ಗೊತ್ತು: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಇಬ್ಬರಿಗಿಂತ ಜಾಸ್ತಿ ಜನ ಇರಬಾರದು, ಹೆಲ್ಮೆಟ್‌ನಲ್ಲಿ ರೇಡಿಯೋ ಇದ್ರೆ ಅರ್ಧ ಕೆಲಸ ಆದ ಹಾಗೆ ಯಾಕಂದ್ರೆ ದೂರದಿಂದ ಕೂಗಿದ್ದು ಗಾಳೀಲಿ ಏನೂ ಕೇಳಿಸಲ್ಲ, ನಿಮ್ಮ ತೂಕ ಕೇಳಿ ಕೈಟ್ ಬದಲಾಯಿಸೋ ಅಭ್ಯಾಸ ಅವರಿಗಿರಬೇಕು, ಕ್ವಿಕ್ ರಿಲೀಸನ್ನ ಬಾಯಲ್ಲಿ ಹೇಳದೆ ನಿಮ್ಮ ಕೈಲೇ ತಳ್ಳಿಸಬೇಕು, ಕೈಟ್ ನೀರಲ್ಲಿ ಬಿದ್ದು ಏಳದೇ ಇದ್ರೆ ಲೈನ್ ಸುತ್ಕೊಂಡು ಅದನ್ನೇ ದೋಣಿ ಮಾಡ್ಕೊಂಡು ದಡಕ್ಕೆ ಬರೋ ಸೆಲ್ಫ್ ರೆಸ್ಕ್ಯೂ ಮಾಡಿಸಬೇಕು. ನಾನು ಮೊದಲು ಸೇರಿದ ಒಂದು ಕಡೆ ಈ ಕೊನೇದನ್ನ "ಆಮೇಲೆ ನೋಡೋಣ" ಅಂತ ಬಿಟ್ಟೇಬಿಟ್ರು, ನಾಲ್ಕು ಜನಕ್ಕೆ ಒಂದೇ ಕೈಟ್, ಅರ್ಧ ಹೊತ್ತು ಮರಳಲ್ಲಿ ಕೂತಿದ್ದೇ ಬಂತು. ಎರಡನೇ ಕಡೆ ಅದನ್ನೇ ಮೊದಲ ದಿನ ಮಾಡಿಸಿದ್ರು. ಐಕೆಒ (ಇಂಟರ್‌ನ್ಯಾಷನಲ್ ಕೈಟ್‌ಬೋರ್ಡಿಂಗ್ ಆರ್ಗನೈಸೇಶನ್) ಸರ್ಟಿಫಿಕೇಟ್ ಇರೋ ಇನ್‌ಸ್ಟ್ರಕ್ಟರ್ ಅಂದ್ರೆ ಕನಿಷ್ಠ ಯಾವ ಹಂತದಲ್ಲಿ ಏನು ಕಲಿಸಬೇಕು ಅನ್ನೋ ಪಟ್ಟಿ ಅವರ ಹತ್ರ ಇರುತ್ತೆ, ಆದ್ರೂ ಕ್ಲಾಸ್ ನಡೆಯೋದನ್ನ ಒಂದರ್ಧ ಗಂಟೆ ದೂರದಿಂದ ನೋಡಿಯೇ ಸೇರಿ.

ಎರಡು ಲೈನಿನ, 2-3 ಮೀಟರ್‌ನ ಟ್ರೇನರ್ ಕೈಟ್ ಬೇಕಾ ಅಂದ್ರೆ, ಕ್ಲಾಸಿಗೆ ಮುಂಚೆ ಒಂದಿಷ್ಟು ಆಡಿಸಿದ್ರೆ ವಿಂಡ್ ವಿಂಡೋ ಕೈಗೆ ಬರುತ್ತೆ, ಯಾವ ಮೂಲೇಲಿ ಎಳೆಯುತ್ತೆ, ಎಲ್ಲಿ ಸುಮ್ನಿರುತ್ತೆ ಅಂತ. ಯಾರದ್ದಾದ್ರೂ ಸಿಕ್ರೆ ಇಸ್ಕೊಳ್ಳಿ, ಕೊಂಡ್ರೆ ಆಮೇಲೆ ಮೂಲೆ ಸೇರುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಫೋಟೋ ನೋಡಿ ತಗೋಬೇಡಿ. ಬಟ್ಟೆಯನ್ನ ಮುದುರಿದ್ರೆ ಹೊಸದರ ಹಾಗೆ ಗರಿಗರಿ ಇದ್ಯಾ, ಇಲ್ಲ ಬಿಸಿಲು ತಿಂದು ಮೆತ್ತಗಾಗಿ ಬಣ್ಣ ಹೋಗಿದ್ಯಾ ನೋಡಿ, ಹಿಂದಿನ ಅಂಚಿನ ಹೊಲಿಗೆ ಹತ್ರ ಬೆರಳಲ್ಲಿ ಎಳೆದು ನೋಡಿ, ಮೊದಲು ಹರಿಯೋದು ಅಲ್ಲೇ. ಗಾಳಿ ತುಂಬಿಸಿ ಪ್ರತಿ ಸ್ಟ್ರಟ್‌ನ ಕ್ಲಿಪ್ ಮುಚ್ಚಿ ಎರಡು ಮೂರು ಗಂಟೆ ಬಿಡಿ, ಯಾವುದಾದ್ರೂ ಮೆತ್ತಗಾದ್ರೆ ಬ್ಲಾಡರ್ (ಒಳಗಿನ ಗಾಳಿ ಚೀಲ) ಇಲ್ಲಾ ವಾಲ್ವ್ ಸೋರ್ತಿದೆ ಅಂತ. ಬ್ಲಾಡರ್ ರಿಪೇರಿ ಆಗುತ್ತೆ, ವಾಲ್ವ್ ಅಂಟು ಬಿಟ್ಟಿದ್ರೂ ಕೂರಿಸಬಹುದು, ಬಟ್ಟೆ ಸತ್ತಿದ್ರೆ ಮಾತ್ರ ಏನೂ ಮಾಡೋಕಾಗಲ್ಲ. ಪಂಪ್ ಮಾಡುವಾಗ ಕೈಟ್ ಮೇಲೆ ಬರೆದಿರೋ ಪ್ರೆಶರ್‌ಗೆ ಹೋಗಿ, ಸಾಮಾನ್ಯವಾಗಿ 6ರಿಂದ 8 ಪಿಎಸ್‌ಐ, ಕೈ ನೋಯ್ತು ಅಂತ ಅರ್ಧಕ್ಕೆ ಬಿಟ್ರೆ ಗಸ್ಟ್‌ನಲ್ಲಿ ಕೈಟ್ ಮಡಚಿಕೊಳ್ಳುತ್ತೆ.

ಫಾಯಿಲ್ ಬೋರ್ಡ್ (ಕೆಳಗೆ ಕಂಬಕ್ಕೆ ರೆಕ್ಕೆ ಇರೋ ಬೋರ್ಡ್) ಬಗ್ಗೆ ಕೇಳೋರು ಇದ್ದೇ ಇರ್ತಾರೆ, ಪ್ಯಾರಿಸ್ 2024 ಒಲಿಂಪಿಕ್ಸ್‌ನಲ್ಲಿ ಮಾರ್ಸೇಲ್‌ನಲ್ಲಿ ನಡೆದ ಫಾರ್ಮುಲಾ ಕೈಟ್ ನೋಡಿದ ಮೇಲಂತೂ. ಎಲ್ಲೀ ಆಲ್ಡ್ರಿಜ್, ವ್ಯಾಲೆಂಟಿನ್ ಬೊಂಟಸ್ ಗೆದ್ದಿದ್ದು ಅದೇ, ನೀರಿನ ಮೇಲೆ ಎದ್ದು ಹಾರ್ಕೊಂಡು ಹೋಗ್ತಾರೆ. ಫಾಯಿಲ್‌ಗೆ 8-10 ನಾಟ್‌ನಲ್ಲೂ ಜೀವ ಇರುತ್ತೆ ನಿಜ, ಆದ್ರೆ ಟ್ವಿನ್‌ಟಿಪ್‌ನಲ್ಲಿ ಅಪ್‌ವಿಂಡ್ ಹೋಗಿ ಬಂದು, ಕೈಟ್ ಕಡೆ ನೋಡದೇನೇ ಓಡಿಸೋಕೆ ಬಂದ ಮೇಲೆ ನೋಡಿ. ಆ ಕೆಳಗಿನ ರೆಕ್ಕೆ ಕಾಲಿಗೆ ತಾಗಿದ್ರೆ ಗಾಯ ಸಣ್ಣದಾಗಿರಲ್ಲ.

ಒಂದೇ ಕೈಟ್ ತಗೊಳ್ಳೋದಾದ್ರೆ ನೀವು ಹೋಗೋ ದಡದಲ್ಲಿ ಹೆಚ್ಚು ದಿನ ಬೀಸೋ ಗಾಳಿಗೆ ತಗೊಳ್ಳಿ, ಅಪರೂಪಕ್ಕೆ ಬೀಸೋ ಗಾಳಿಗೆ ಬೇಡ. ಎರಡು ತಗೊಂಡ್ರೆ ಮಧ್ಯೆ ಎರಡು-ಮೂರು ಮೀಟರ್ ಅಂತರ ಇರಲಿ, 9 ಮತ್ತು 10 ಇಟ್ಕೊಂಡು ಏನ್ ಮಾಡ್ತೀರಾ. ನಾನಂತೂ 12 ಕೊಟ್ಟುಬಿಟ್ಟು 7 ತಗೊಳ್ಳೋ ಯೋಚನೆಲಿದ್ದೀನಿ, 13 ನಾಟ್‌ನ ದಿನಗಳಿಗೆ ಯಾರದ್ದಾದ್ರೂ 150ರ ಬೋರ್ಡ್ ಇದ್ರೆ 9ರ ಜೊತೆ ಒಂದು ಸಲ ಕೊಟ್ಟು ನೋಡಿ, ಎಷ್ಟು ಕೆಳಗಿನ ಗಾಳಿವರೆಗೂ ಎಳ್ಕೊಂಡು ಹೋಗಬಹುದು ಅಂತ ನೋಡಬೇಕಿದೆ.